ಜೋಂಬಿ ಆಟಗಳು: ಯಾವುದು ಯಾರಿಗೆ?

ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಗುತ್ತಲೇ ಮಕ್ಕಳ ಬೇಡಿಕೆಗಳ ಪಟ್ಟಿ ತಂದೆತಾಯಿಯರ ಕೈ ಸೇರುತ್ತದೆ. ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಸೈಕಲ್, ಕ್ರಿಕೆಟ್ ಬ್ಯಾಟು, ಕೇರಂ ಹಲಗೆ ಇರುತ್ತಿದ್ದವು. ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಅನೇಕ ಮನೆಗಳಲ್ಲಿ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಯಂತ್ರಕ್ಕೆ ಹೊಸದೊಂದು ಆಟ ಬೇಕೆಂಬುದೇ ಮೊದಲ ಬೇಡಿಕೆ. ಆ ಆಟಗಳಲ್ಲಿ ಮಕ್ಕಳನ್ನು ವಿಶೇಷವಾಗಿ ಸೆಳೆಯುವುದು ಜೋಂಬಿ ಆಟ. ಅಂದರೆ ಸತ್ತವರು ಎದ್ದು ಬದುಕಿರುವವರನ್ನು ಬೆನ್ನಟ್ಟುವ ಆಟ.

ಈ ಬೇಡಿಕೆಗೆ ಹಿರಿಯರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಕೆಲವರು "ಹೆಣಗಳ ಆಟ ನಮ್ಮ ಮನೆಗೆ ಬೇಡವೇ ಬೇಡ" ಎಂದುಬಿಡುತ್ತಾರೆ. ಇನ್ನು ಕೆಲವರು ಆಟ ತಾನೆ ಎಂದು ಕೇಳಿದ್ದನ್ನು ಕೊಡಿಸಿ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ. ಈ ಎರಡೂ ಉತ್ತರಗಳಲ್ಲಿ ಒಂದು ಸಾಮ್ಯವಿದೆ: ಇಬ್ಬರೂ ಆಟವನ್ನು ನೋಡಿಲ್ಲ. ಜೋಂಬಿ ಆಟವೆಂಬ ಒಂದೇ ಹೆಸರಿನಡಿ ಮಕ್ಕಳ ಹಾಸ್ಯವೂ ಇದೆ, ಪ್ರೌಢರ ದುರಂತಕಥೆಯೂ ಇದೆ, ಬರಿಯ ರಕ್ತಪಾತವೂ ಇದೆ. ಇವುಗಳನ್ನು ಬೇರ್ಪಡಿಸಿ ನೋಡುವ ಕೆಲಸವನ್ನು ಅಂಗಡಿಯವರಾಗಲಿ ಸರ್ಕಾರವಾಗಲಿ ನಮಗಾಗಿ ಮಾಡಿಕೊಡುವುದಿಲ್ಲ. ಅದು ಮನೆಯವರೇ ಮಾಡಬೇಕಾದ ಕೆಲಸ.

ಹೆಣಕ್ಕೆ ಜೀವ ಬರುವ ಕಲ್ಪನೆ ನಮಗೆ ಹೊಸದೇನಲ್ಲ. ಚಂದಮಾಮದ ಪುಟಗಳಲ್ಲಿ ವಿಕ್ರಮಾದಿತ್ಯನ ಹೆಗಲೇರಿದ ಬೇತಾಳನನ್ನು ಓದಿ ಬೆಳೆದ ತಲೆಮಾರು ಇಂದಿಗೂ ನಮ್ಮ ನಡುವೆ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದುದನ್ನು ಅನೇಕ ಓದುಗರು ಮರೆತಿರಲಾರರು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವವೊಂದು ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಮತ್ತೆ ಅದನ್ನೇ ಓದಿ ಹಿಂದಿರುಗುತ್ತದೆ ಎಂಬುದು ಅಂದಿನ ನಂಬಿಕೆ. ದೆವ್ವದ ಸತ್ಯಾಸತ್ಯತೆ ಹಾಗಿರಲಿ. ಆ ಎರಡು ಪದಗಳು ಹೆದರಿದವನ ಕೈಗೆ ಒಂದು ತುಂಡು ಸೀಮೆಸುಣ್ಣವನ್ನೂ ಒಂದು ಉಪಾಯವನ್ನೂ ಕೊಟ್ಟಿದ್ದವು. ಭಯವನ್ನು ಹುಟ್ಟಿಸಿ ಅದನ್ನು ಎದುರಿಸುವ ಬುದ್ಧಿಯನ್ನೂ ಬೇಡುವುದು ಒಳ್ಳೆಯ ಭಯದ ಕಥೆಯ ಲಕ್ಷಣ. ಜೋಂಬಿ ಆಟಗಳನ್ನು ಅಳೆಯಲು ಇದೇ ಒರೆಗಲ್ಲು ಸಾಕೆಂದು ನಾವು ಭಾವಿಸುತ್ತೇವೆ.

ಜೋಂಬಿಯ ಮೂಲ ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿದೆ. ಆಫ್ರಿಕದಿಂದ ಗುಲಾಮರಾಗಿ ಬಂದು ಕಬ್ಬಿನ ತೋಟಗಳಲ್ಲಿ ದುಡಿದವರ ನಡುವೆ ಬೆಳೆದ ಕಲ್ಪನೆಯದು: ಸತ್ತ ಮೇಲೂ ಬಿಡುಗಡೆಯಿಲ್ಲದೆ ಇನ್ನೊಬ್ಬನ ಅಪ್ಪಣೆಯಂತೆ ದುಡಿಯುತ್ತಲೇ ಇರುವ ದೇಹ. ಅದನ್ನು ಮನುಷ್ಯಮಾಂಸಕ್ಕೆ ಹಸಿದ ಗುಂಪನ್ನಾಗಿ ಬದಲಿಸಿದ್ದು 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ನಿರ್ದೇಶಿಸಿದ "ನೈಟ್ ಆಫ್ ದಿ ಲಿವಿಂಗ್ ಡೆಡ್" ಎಂಬ ಚಲನಚಿತ್ರ. ಇಂದಿನ ಆಟಗಳೆಲ್ಲ ಆ ಚಿತ್ರದ ಸಂತತಿಯೇ.

ಮೊದಲು ಚಿಕ್ಕವರ ಮಾತು. ಹತ್ತು ವರ್ಷ ದಾಟಿದ ಮಕ್ಕಳಿಗೆ ನಿಸ್ಸಂಕೋಚವಾಗಿ ಕೊಡಬಹುದಾದ ಆಟ "ಪ್ಲಾಂಟ್ಸ್ ವರ್ಸಸ್ ಜೋಂಬೀಸ್". 2009ರಲ್ಲಿ ಬಂದ ಈ ಆಟದಲ್ಲಿ ಜೋಂಬಿಗಳು ಅಂಗಳ ದಾಟಿ ಮನೆಯತ್ತ ನಡೆದು ಬರುತ್ತವೆ. ಅವನ್ನು ತಡೆಯುವುದು ಗಿಡಗಳು. ಸೂರ್ಯಕಾಂತಿಯನ್ನು ನೆಟ್ಟರೆ ಬಿಸಿಲು ದೊರೆಯುತ್ತದೆ, ಆ ಬಿಸಿಲನ್ನು ವೆಚ್ಚ ಮಾಡಿ ಬಟಾಣಿ ಎಸೆಯುವ ಗಿಡವನ್ನು ನೆಡಬೇಕು. ಇಂದು ಎಷ್ಟು ಉಳಿಸಬೇಕು, ಎಷ್ಟು ವೆಚ್ಚ ಮಾಡಬೇಕು ಎಂಬ ಲೆಕ್ಕವೇ ಆಟದ ಜೀವಾಳ. ತಿಂಗಳ ಮೊದಲ ವಾರದಲ್ಲಿ ಸಂಬಳವನ್ನೆಲ್ಲ ಮುಗಿಸಿ ಕೊನೆಯ ವಾರದಲ್ಲಿ ಪರದಾಡುವ ದೊಡ್ಡವರೂ ಇದನ್ನು ಆಡಿದರೆ ನಷ್ಟವಿಲ್ಲ. ಇದೇ ಸಾಲಿಗೆ ಸೇರುವ ಇನ್ನೊಂದು ಆಟ "ಮೈನ್‌ಕ್ರಾಫ್ಟ್". ಅಲ್ಲಿ ಹಗಲೆಲ್ಲ ಮನೆ ಕಟ್ಟಬಹುದು, ಬೇಸಾಯ ಮಾಡಬಹುದು. ಕತ್ತಲಾದರೆ ಜೋಂಬಿಗಳು ಬರುತ್ತವೆ, ಸೂರ್ಯ ಹುಟ್ಟಿದರೆ ಸುಟ್ಟುಹೋಗುತ್ತವೆ. ಹೆದರುವ ಮಗುವಿಗಾಗಿ ಅವು ಬಾರದಂತೆ ಮಾಡುವ ಏರ್ಪಾಡೂ ಆ ಆಟದಲ್ಲಿದೆ.

ಇನ್ನು ಮುಂದೆ ಹೇಳುವ ಆಟಗಳು ಹದಿನೆಂಟು ತುಂಬಿದವರಿಗೆ ಮಾತ್ರ.

ಈ ಪ್ರಕಾರಕ್ಕೆ ಅಡಿಪಾಯ ಹಾಕಿದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1996ರಲ್ಲಿ ತಂದ "ರೆಸಿಡೆಂಟ್ ಈವಿಲ್". ಅದರ ಎರಡನೆಯ ಭಾಗವನ್ನು 2019ರಲ್ಲಿ ಹೊಸದಾಗಿ ನಿರ್ಮಿಸಲಾಯಿತು. ಇಂದಿನ ಯಂತ್ರದಲ್ಲಿ ಜೋಂಬಿ ಆಟವನ್ನು ಮೊದಲ ಬಾರಿ ಆಡುವ ಪ್ರೌಢರಿಗೆ ನಾವು ಸೂಚಿಸುವುದು ಅದನ್ನೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪಾಳುಬಿದ್ದ ಪೊಲೀಸ್ ಠಾಣೆಯೊಂದರಲ್ಲಿ ಸಿಕ್ಕಿಕೊಂಡ ತರುಣನ ಕಥೆ ಅದು. ಗುಂಡುಗಳು ಕಡಿಮೆ, ಚೀಲದಲ್ಲಿ ಜಾಗವೂ ಕಡಿಮೆ. ಕಂಡದ್ದಕ್ಕೆಲ್ಲ ಗುಂಡು ಹಾರಿಸುವವನು ಬೇಗನೆ ಬರಿಗೈಯಾಗುತ್ತಾನೆ. ಯಾವ ಕಿಟಕಿಗೆ ಹಲಗೆ ಹೊಡೆಯಬೇಕು, ಯಾವ ಓಣಿಯನ್ನು ಸುತ್ತುಬಳಸಿ ದಾಟಬೇಕು ಎಂದು ಯೋಚಿಸುವವನು ಉಳಿಯುತ್ತಾನೆ. ನಮ್ಮ ಒರೆಗಲ್ಲಿಗೆ ಇದು ಚೆನ್ನಾಗಿ ಒಪ್ಪುವ ಆಟ.

ಕಥೆಯ ದೃಷ್ಟಿಯಿಂದ ಎಲ್ಲಕ್ಕೂ ಮಿಗಿಲಾದುದು 2013ರಲ್ಲಿ ಬಂದು, 2022ರಲ್ಲಿ ಪ್ಲೇಸ್ಟೇಷನ್ 5 ಯಂತ್ರಕ್ಕಾಗಿ ಹೊಸ ರೂಪ ಪಡೆದ "ದಿ ಲಾಸ್ಟ್ ಆಫ್ ಅಸ್". ಇಲ್ಲಿ ಮನುಷ್ಯರನ್ನು ಕೆಡಿಸುವುದು ಒಂದು ಬಗೆಯ ಬೂಷ್ಟು. ಇದು ಪೂರ್ಣ ಕಟ್ಟುಕಥೆಯಲ್ಲ. ಉಷ್ಣವಲಯದ ಕಾಡುಗಳಲ್ಲಿ ಇರುವೆಯ ದೇಹವನ್ನು ಹೊಕ್ಕು, ಅದು ಗಿಡವೇರಿ ಎಲೆಯ ನರವನ್ನು ಕಚ್ಚಿ ಹಿಡಿದು ಸಾಯುವಂತೆ ಮಾಡಿ, ಅದರ ತಲೆಯಿಂದ ಮೊಳಕೆಯೊಡೆಯುವ ಬೂಷ್ಟು ನಿಜವಾಗಿಯೂ ಇದೆ. ಆದರೆ ಆಟದ ತಿರುಳು ಬೂಷ್ಟಲ್ಲ, ದುಃಖ. ಮಗಳನ್ನು ಕಳೆದುಕೊಂಡ ತಂದೆಯೊಬ್ಬ ಹದಿನಾಲ್ಕು ವರ್ಷದ ಪರಕೀಯ ಬಾಲಕಿಯನ್ನು ದೇಶದ ಒಂದು ತುದಿಯಿಂದ ಇನ್ನೊಂದು ತುದಿಯತ್ತ ಕರೆದೊಯ್ಯುತ್ತಾನೆ. ದಾರಿ ಸವೆದಂತೆ ಆಕೆ ಪರಕೀಯಳಾಗಿ ಉಳಿಯುವುದಿಲ್ಲ. ಆ ಪ್ರೀತಿ ಅವನಿಂದ ಕೊನೆಗೆ ಏನನ್ನು ಮಾಡಿಸುತ್ತದೆ, ಅದು ಸರಿಯೇ ತಪ್ಪೇ ಎಂಬ ಪ್ರಶ್ನೆಯನ್ನು ಆಟ ನಮ್ಮ ಮುಂದಿಟ್ಟು ಸುಮ್ಮನಾಗುತ್ತದೆ. ಒಳ್ಳೆಯ ಕಾದಂಬರಿ ಓದಿದ ಮೇಲೆ ಮನೆಮಂದಿ ಚರ್ಚಿಸುವಂತೆ ಇದನ್ನೂ ಚರ್ಚಿಸಬಹುದು.

ಮೂರನೆಯದು "ಡೇಸ್ ಗಾನ್". 2019ರಲ್ಲಿ ಬಂದ ಈ ಆಟದಲ್ಲಿ ಮೋಟಾರ್ ಸೈಕಲ್ ಸವಾರನೊಬ್ಬ, ನೂರಾರು ಸಂಖ್ಯೆಯಲ್ಲಿ ಹಿಂಡುಗಟ್ಟಿ ಅಲೆಯುವ ವಿಕಾರ ಜೀವಿಗಳ ನಡುವೆ ಬದುಕಬೇಕು. ಗಾಡಿಗೆ ಪೆಟ್ರೋಲ್ ಉಂಟೇ, ಓಡಿಹೋಗಲು ದಾರಿ ಉಂಟೇ ಎಂದು ಮೊದಲೇ ನೋಡಿಕೊಳ್ಳದೆ ಹಿಂಡನ್ನು ಕೆಣಕುವಂತಿಲ್ಲ. ಅಮೆರಿಕದಲ್ಲಿ ಸಿದ್ಧವಾದ ಈ ಆಟದ ಕಲಾಕಾರ್ಯದಲ್ಲಿ ನಮ್ಮ ಬೆಂಗಳೂರಿನ ಕೈಗಳೂ ದುಡಿದಿವೆಯೆಂಬುದು ಬಹುಜನರಿಗೆ ತಿಳಿಯದು. 1997ರಲ್ಲಿ ರಾಜೇಶ್ ರಾವ್ ಅವರು ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಅದಕ್ಕೆ ಕೆಲಸ ಮಾಡಿಕೊಟ್ಟರು. 2019ರಲ್ಲಿ ಆ ಸಂಸ್ಥೆಯನ್ನು ಹೆಸರಾಂತ ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಆಟದ ಹುಚ್ಚಿರುವ ಮಗನಿಗೋ ಮಗಳಿಗೋ ಚಿತ್ರಕಲೆಯಲ್ಲಿ ಆಸಕ್ತಿಯಿದ್ದರೆ, ಅದು ಜೀವನೋಪಾಯವೂ ಆಗಬಲ್ಲದೆಂಬುದಕ್ಕೆ ಈ ನಗರದಲ್ಲಿಯೇ ನಿದರ್ಶನವಿದೆ.

ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ ದಾವಣಗೆರೆ, ಹುಬ್ಬಳ್ಳಿ, ಬಾಗಲಕೋಟೆಗಳಿಂದ ಬಂದು ನೆಲೆಸಿದ ನಮ್ಮ ತರುಣರಿಗೆ ಗೆಳೆಯರೊಡನೆ ಕೂಡಿ ಆಡುವ ಆಟ ಬೇಕಿದ್ದರೆ ಪೋಲೆಂಡಿನ "ಡೈಯಿಂಗ್ ಲೈಟ್" ಇದೆ. 2015ರ ಈ ಆಟದಲ್ಲಿ ಹಗಲು ಮಾಳಿಗೆಯಿಂದ ಮಾಳಿಗೆಗೆ ಜಿಗಿದು ಓಡಬಹುದು; ರಾತ್ರಿಯಾದರೆ ಬೇಟೆಗಾರನೇ ಬೇಟೆಯಾಗುತ್ತಾನೆ. ನಾಲ್ವರು ಜೊತೆಗೂಡಿ ಆಡಲು ಅವಕಾಶವಿದೆ.

ಆಯ್ಕೆ ಮಾಡುವುದು ಹೇಗೆ? ಆಟದ ಡಬ್ಬಿಯ ಮೂಲೆಯಲ್ಲಿ 3, 7, 12, 16, 18 ಎಂಬ ಅಂಕಿಗಳಲ್ಲಿ ಒಂದಿರುತ್ತದೆ. ಯುರೋಪಿನಲ್ಲಿ 2003ರಿಂದ ಬಳಕೆಯಲ್ಲಿರುವ ವಯಸ್ಸಿನ ಗುರುತು ಅದು. ಅದು ಆಟದ ಕಷ್ಟವನ್ನು ಸೂಚಿಸುವ ಅಂಕಿಯೆಂದು ಭಾವಿಸುವ ಪೋಷಕರಿದ್ದಾರೆ. ಹಾಗಲ್ಲ, ಎಷ್ಟು ವಯಸ್ಸಿನವರು ನೋಡಬಹುದೆಂಬ ಸೂಚನೆ ಅದು. ನಮ್ಮ ದೇಶದಲ್ಲಿ 2025ರಲ್ಲಿ ಬಂದ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತೇ ಹೊರತು, ಹತ್ತು ವರ್ಷದ ಬಾಲಕನ ಕೈಗೆ 18ರ ಡಿಸ್ಕ್ ಹೋಗದಂತೆ ಕಾಯುವ ಹೊಣೆಯನ್ನು ನಮ್ಮಿಂದ ಕಿತ್ತುಕೊಂಡಿಲ್ಲ. ಯಂತ್ರದಲ್ಲಿಯೇ ಮಗುವಿನ ಹೆಸರಿನಲ್ಲಿ ಬೇರೆ ಖಾತೆ ತೆರೆದು, ವಯಸ್ಸಿಗೆ ಮೀರಿದ ಆಟಗಳು ತೆರೆಯದಂತೆ, ದಿನಕ್ಕೆ ಇಷ್ಟೇ ಹೊತ್ತು ಎಂದು, ಕೇಳದೆ ಹಣ ವೆಚ್ಚವಾಗದಂತೆ ಕಟ್ಟುಮಾಡುವ ಸೌಲಭ್ಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರಲ್ಲೂ ಇದೆ. ಕೊಳ್ಳುವ ಮುನ್ನ ಆ ಆಟವನ್ನು ಯಾರಾದರೂ ಆಡಿ ತೋರಿಸಿರುವ ವಿಡಿಯೋವನ್ನು ಅರ್ಧ ಗಂಟೆ ನೋಡಿರಿ. ಸೀರೆ ಕೊಳ್ಳುವಾಗ ಅಂಚು, ಸೆರಗು, ಬಣ್ಣವೆಂದು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತೇವೆ.

ಇನ್ನೊಂದು ಮಾತು ವಿಶೇಷವಾಗಿ ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇಪ್ಪತ್ತರ ಅಣ್ಣ ಆಡುವಾಗ ಎಂಟರ ತಂಗಿ ಪಕ್ಕದಲ್ಲಿ ಕುಳಿತಿರುತ್ತಾಳೆ. ಡಬ್ಬಿಯ ಮೇಲಿನ ವಯಸ್ಸು ಆಡುವವನಿಗೆಷ್ಟೋ ನೋಡುವವಳಿಗೂ ಅಷ್ಟೇ ಅನ್ವಯಿಸುತ್ತದೆ. ಅಜ್ಜಿಯ ಮನಸ್ಸನ್ನೂ ಮರೆಯಬಾರದು. ಹಿರಿಯರನ್ನು ಮಣ್ಣಿಗಿತ್ತು, ಆ ಸಮಾಧಿಗೆ ವರ್ಷವರ್ಷವೂ ಹೂವೇರಿಸುವ ಮನೆತನದಲ್ಲಿ ಬಾಳಿದ ಜೀವಕ್ಕೆ, ಗೋರಿಯನ್ನು ಸೀಳಿಕೊಂಡು ಏಳುವ ಹೆಣ ವಿನೋದವಾಗಿ ಕಾಣಲಾರದು. ಅದನ್ನು ಹಳೆಯ ಕಾಲದ ಮೌಢ್ಯವೆಂದು ನಗುವುದು ತರವಲ್ಲ. ಚಿಕ್ಕವರ ಆಟ ಎಲ್ಲರೂ ಓಡಾಡುವ ನಡುಮನೆಯಲ್ಲಿ ಹಗಲು ನಡೆಯಲಿ. ದೊಡ್ಡವರ ಆಟ ಮಕ್ಕಳು, ಹಿರಿಯರು ಮಲಗಿದ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡೆಯಲಿ.

ಆಟ ಮಿತಿಮೀರಿದರೆ ಏನು ಮಾಡಬೇಕೆಂಬುದನ್ನೂ ತಿಳಿದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಆಟದ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2022ರ ಜನವರಿಯಿಂದ ಜಾರಿಯಲ್ಲಿದೆ. ಆಟವನ್ನು ನಿಲ್ಲಿಸಲಾಗದಿರುವುದು, ಊಟ, ನಿದ್ರೆ, ಓದು ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು: ಈ ಮೂರೂ ಸುಮಾರು ಒಂದು ವರ್ಷ ಕಂಡುಬಂದರೆ ಅದು ವ್ಯಸನ. ರಜೆಯಲ್ಲಿ ಎರಡು ದಿನ ಹೆಚ್ಚು ಆಡಿದ ಮಾತ್ರಕ್ಕೆ ಮಗುವಿಗೆ ರೋಗಿಯ ಪಟ್ಟ ಕಟ್ಟಬೇಕಿಲ್ಲ. ನಿಜವಾಗಿ ಕಷ್ಟವಿದ್ದರೆ ನಮ್ಮ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಆರಂಭಿಸಿದ "ಷಟ್" ಕ್ಲಿನಿಕ್ ಇಂಥ ತೊಂದರೆಗೇ ಮೀಸಲಾದುದು, ಬಿ.ಟಿ.ಎಂ. ಬಡಾವಣೆಯ ನಿಮ್ಹಾನ್ಸ್ ಸ್ವಾಸ್ಥ್ಯ ಕೇಂದ್ರದ ಮೂಲಕ ಅದು ಅನೇಕ ಕುಟುಂಬಗಳಿಗೆ ನೆರವಾಗಿದೆ. ಅಲ್ಲಿಗೆ ಹೋಗುವುದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ.

ಬೇಡವೆಂದು ಬಾಗಿಲು ಮುಚ್ಚಿದರೆ ಮಗು ಗೆಳೆಯನ ಮನೆಯಲ್ಲಿ ಅದೇ ಆಟವನ್ನು ಆಡುತ್ತದೆ. ಅಲ್ಲಿ ಕಂಡದ್ದನ್ನು ನಮ್ಮೊಡನೆ ಹೇಳಿಕೊಳ್ಳಲು ಹೆದರುತ್ತದೆ. ಕೊಡಿಸಿ ಕೈತೊಳೆದುಕೊಂಡರೆ ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಹೆದರುತ್ತದೆ. ಎರಡರ ನಡುವೆ ಒಂದು ದಾರಿಯಿದೆ: ಸೋಫಾದ ಇನ್ನೊಂದು ಬದಿಯಲ್ಲಿ ನಾವು ಕುಳಿತುಕೊಳ್ಳುವುದು. "ಇದು ಯಾಕಪ್ಪಾ ಹೀಗೆ ಬರ್ತಿದೆ? ಈಗ ಏನು ಮಾಡ್ತೀಯಾ?" ಎಂದು ತಾಯಿಯೋ ತಂದೆಯೋ ಕೇಳಿದರೆ ಸಾಕು, ಮಗು ಉತ್ಸಾಹದಿಂದ ಎಲ್ಲವನ್ನೂ ವಿವರಿಸುತ್ತದೆ. ಈ ರಜೆಯಲ್ಲಿ ಹೊಸ ಆಟ ಕೊಡಿಸುವ ಮನೆಗಳು ಅದರೊಡನೆ ದಿನಕ್ಕೆ ಅರ್ಧ ಗಂಟೆಯ ಸಮಯವನ್ನೂ ಕೊಡಲೆಂದು ಹಾರೈಸುತ್ತೇವೆ.