ನಮ್ಮ ಲ್ಯಾಬಿನ ಗಡಿಯಾರ ಯಾರ ಮಾತು ಕೇಳುತ್ತೆ?

ಲ್ಯಾಬಿನ ಹಳೇ ಪಿಸಿ ಆನ್ ಮಾಡಿದಾಗ ಬ್ರೌಸರ್ ಒಂದು ಪುಟವನ್ನೂ ತೆರೆಯದೆ 'ಈ ಸಂಪರ್ಕ ಸುರಕ್ಷಿತವಲ್ಲ' ಅಂತ ಹಟ ಹಿಡಿಯೋದು ನಮಗೆಲ್ಲ ಗೊತ್ತು. ಬೈಗುಳ ನೆಟ್‌ವರ್ಕಿಗೆ ಬೀಳುತ್ತೆ. ಎಷ್ಟೋ ಸಲ ತಪ್ಪು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯದು. ಅದು ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತೆ. ಆ ತಾರೀಖಿಗೆ ಜಾಲತಾಣದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರೋದಿಲ್ಲ. ಸಮಯ ಕೆಟ್ಟಾಗ ಮಾತ್ರ ನಾವು ಅದರ ಬಗ್ಗೆ ಯೋಚಿಸ್ತೀವಿ. ಸರಿ ಇದ್ದಾಗಲೂ ಅದು ಎಲ್ಲಿಂದ ಬಂತು ಅಂತ ಕೇಳಬೇಕು ಅನ್ನೋದು ನಮ್ಮ ವಾದ.

ಕಂಪ್ಯೂಟರಿನ ಒಳಗಿರೋದು ಸಾಮಾನ್ಯ ಕ್ವಾರ್ಟ್ಜ್ ಹರಳು. ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡು ವ್ಯತ್ಯಾಸ. ಅದನ್ನು ತಿದ್ದೋದು ಡೇವಿಡ್ ಮಿಲ್ಸ್ ರೂಪಿಸಿದ, 1985ರಿಂದ ಬಳಕೆಯಲ್ಲಿರುವ ಎನ್‌ಟಿಪಿ. ನಾವು ಕೇಳಿದ ಹೊತ್ತು, ಪ್ರಶ್ನೆ ಸರ್ವರಿಗೆ ಮುಟ್ಟಿದ ಹೊತ್ತು, ಉತ್ತರ ಹೊರಟ ಹೊತ್ತು, ನಮಗೆ ಬಂದ ಹೊತ್ತು: ಈ ನಾಲ್ಕರಿಂದ ಲೆಕ್ಕ. ಹೋಗೋದಕ್ಕೂ ಬರೋದಕ್ಕೂ ಒಂದೇ ಸಮಯ ಹಿಡಿಯುತ್ತೆ ಅನ್ನೋ ಊಹೆ ಅದರ ಬುಡದಲ್ಲಿದೆ. ಸಿರುಗುಪ್ಪದ ರೂಮಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕೂತವರಿಗೆ ಈ ಊಹೆ ಎಷ್ಟು ನಿಜ ಅಂತ ಹೇಳಬೇಕಿಲ್ಲ. ಸರ್ವರ್ ಹತ್ತಿರ ಇದ್ದಷ್ಟೂ ತಪ್ಪು ಕಡಿಮೆ.

ಸರ್ವರಿಗೆ ಸಮಯ ಹೇಳೋದು ಇನ್ನೊಂದು ಸರ್ವರ್. ಹಿಂಗೇ ಮೇಲೆ ಹೋದರೆ ಪರಮಾಣು ಗಡಿಯಾರ ಸಿಗುತ್ತೆ. ಭಾರತೀಯ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದೂ ಕೊನೆಯಲ್ಲ. ಪ್ಯಾರಿಸ್ ಹತ್ತಿರದ ಅಳತೆ-ತೂಕಗಳ ಅಂತರರಾಷ್ಟ್ರೀಯ ಬ್ಯೂರೋ ಜಗತ್ತಿನ ಪ್ರಯೋಗಾಲಯಗಳ ನೂರಾರು ಗಡಿಯಾರಗಳನ್ನು ಹೋಲಿಸಿ, ಯಾವುದು ಎಷ್ಟು ಆಚೀಚೆ ಇತ್ತು ಅಂತ ಮುಂದಿನ ತಿಂಗಳು ಪ್ರಕಟಿಸುತ್ತೆ!

ಬಳ್ಳಾರಿಗೆ ದೂರದಿಂದ ಸಮಯ ತರಿಸಿಕೊಳ್ಳೋದು ಹೊಸದಲ್ಲ. ನಮ್ಮ ಜಿಲ್ಲೆ 1953ರವರೆಗೂ ಮದರಾಸಿನ ಕಡೆ ಇತ್ತು. ಭಾರತೀಯ ಸಮಯ 1906ರ ಜನವರಿ 1ರಂದು ಬರುವ ಮೊದಲು ರೈಲುಗಳು ಓಡುತ್ತಿದ್ದದ್ದು ಮದರಾಸು ಸಮಯದ ಮೇಲೆ. ಈಗಿನ ಸಮಯದ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ 76.9 ಡಿಗ್ರಿಯ ಆಸುಪಾಸಿನಲ್ಲಿವೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಸರಾಸರಿ 22 ನಿಮಿಷ ತಡ. ಅಂದರೆ ಸಮಯ ಅನ್ನೋದು ಒಂದು ಒಪ್ಪಂದ. ಯಾರ ಜೊತೆ ಒಪ್ಪಂದ ಅಂತ ತಿಳಿದಿರಬೇಕಲ್ಲ?

ನಮ್ಮ ಕ್ಯಾಂಪಸ್ಸಿನಲ್ಲಿ ವಿಂಡೋಸ್ ಒಂದು ಕಡೆ ಕೇಳುತ್ತೆ, ಫೋನು ಇನ್ನೊಂದು ಕಡೆ, ಹಾಜರಾತಿ ಯಂತ್ರ ಮತ್ತು ಸಿಸಿಟಿವಿ ಯಾರನ್ನೂ ಕೇಳದೇ ಇರಬಹುದು. "ಎರಡು ಸೆಕೆಂಡಿಗೆ ಇಷ್ಟು ರಗಳೆ ಯಾಕ್ರೀ?" ಅಂತ ಕೇಳೋರಿದ್ದಾರೆ. ರಗಳೆ ಎರಡು ಸೆಕೆಂಡಿನದಲ್ಲ. ಎರಡು ಯಂತ್ರಗಳ ಲಾಗ್ ಬೇರೆ ಬೇರೆ ಹೊತ್ತು ಹೇಳಿದಾಗ ಯಾವುದು ಸರಿ ಅಂತ ತೋರಿಸೋಕೆ ದಾರಿ ಇರೋದಿಲ್ಲ, ಅದು ಸಮಸ್ಯೆ. ಹಾಜರಾತಿ ಹೋದವರಿಗೂ ಇದು ಬೇಕು, ಕುರುಗೋಡಿನ ರೈತ ಇ-ಟೆಂಡರಿಗೆ ಇಟ್ಟ ಮೆಣಸಿನಕಾಯಿಗೂ ಬೇಕು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಕೂಡ ಡೇಟಾ ಸೆಂಟರ್, ಕಂಪನಿ, ಸರ್ಕಾರಿ ಸಂಸ್ಥೆಗಳು ಎನ್‌ಐಸಿ ಅಥವಾ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಳ್ಳಬೇಕು ಅಂತ ನಿರ್ದೇಶನ ಕೊಟ್ಟಿತು.

ನಾವು ಕೇಳೋದು ಇಷ್ಟೆ. ಕ್ಯಾಂಪಸ್ಸಿಗೆ ಒಂದು ಎನ್‌ಟಿಪಿ ಸರ್ವರ್ ಇರಲಿ, ಅದು ಈ ಎರಡರಲ್ಲಿ ಒಂದಕ್ಕೆ ಹೊಂದಿಕೊಳ್ಳಲಿ, ಹಾಜರಾತಿ ಯಂತ್ರ ಸೇರಿ ಎಲ್ಲವೂ ಅದನ್ನೇ ಕೇಳಲಿ. ಫೈನಲ್ ಇಯರ್‌ನವರು ಸೆಕೆಂಡಿಗೊಂದು ಪಲ್ಸ್ ಕೊಡುವ ಜಿಪಿಎಸ್ ಅಥವಾ ನಾವಿಕ್ ರಿಸೀವರನ್ನು ರಾಸ್ಪ್‌ಬೆರಿ ಪೈಗೆ ಜೋಡಿಸಿದರೆ ಸಮಯ ನೇರ ಉಪಗ್ರಹದಿಂದಲೇ ಇಳಿಯುತ್ತೆ. ಒಳ್ಳೇ ಪ್ರಾಜೆಕ್ಟೂ ಆಗುತ್ತೆ.

ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಲ್ಯಾಬಿನ ವಿಂಡೋಸಿನಲ್ಲಿ ಡಬ್ಲ್ಯೂ32ಟಿಎಂ, ಲಿನಕ್ಸಿನಲ್ಲಿ ಕ್ರೋನಿ ಬಳಸಿ ಸಮಯದ ಮೂಲ ಯಾವುದು ಅಂತ ನೋಡಿ. 'ಲೋಕಲ್ ಸಿಮಾಸ್ ಕ್ಲಾಕ್' ಅಂತ ಬಂದರೆ ಆ ಯಂತ್ರ ಯಾರನ್ನೂ ಕೇಳುತ್ತಿಲ್ಲ ಅಂತ ಅರ್ಥ. ಬಂದ ಹೆಸರನ್ನು ಕನ್ನಡ ಸಂಘಕ್ಕೆ ಬರೆದು ಕಳಿಸಿ. ಎಲ್ಲಾ ವಿಭಾಗಗಳ ಪಟ್ಟಿ ಮಾಡಿ ಪ್ರಾಂಶುಪಾಲರ ಮುಂದೆ ಇಡೋಣ.