ಇಂಗ್ಲಿಷ್ ಬಂದರೆ ಸಾಕೇ?

"ಇಂಗ್ಲಿಷ್ ಬಂದರೆ ಸಾಕು, ಒಬ್ಬನೇ ಪ್ರಪಂಚ ಸುತ್ತಿ ಬರಬಹುದು" ಅಂತ ನಮ್ಮ ಕಾಮರ್ಸ್ ಕ್ಲಾಸಿನಲ್ಲಿ ಕಾನ್ವೆಂಟಿನಿಂದ ಬಂದವರು ಹೇಳುವುದುಂಟು. ಕನ್ನಡ ಮಾಧ್ಯಮದ ನಾವು ಸುಮ್ಮನೆ ಕೇಳುತ್ತೇವೆ. ಆದರೆ ದಕ್ಷಿಣ ಅಮೆರಿಕದಲ್ಲಿ ಈ ಮಾತು ನಡೆಯದು ಎಂಬುದು ನನ್ನ ವಾದ.

ಬ್ರೆಜಿಲಿನ ಊರುಗಳಲ್ಲಿ ಪೋರ್ಚುಗೀಸ್. ಬೊಗೊಟಾ, ಲಿಮಾ, ಸಾಂತಿಯಾಗೊಗಳಲ್ಲಿ ಸ್ಪ್ಯಾನಿಷ್. ಕುಸ್ಕೊದ ಸಂತೆಯಲ್ಲಿ ಕ್ವೆಚುವಾ ಕೂಡ ಕಿವಿಗೆ ಬೀಳುತ್ತದೆ. ಪೆರು ದೇಶ 1975ರಲ್ಲೇ ಅದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಮಾನ್ಯ ಮಾಡಿದೆ. ಬರೀ ಇಂಗ್ಲಿಷ್ ನೆಚ್ಚಿ ಹೋದವನಿಗೆ ಹೋಟೆಲಿನ ಮ್ಯಾನೇಜರ್ ಸಿಕ್ಕಾನು, ಗೆಳೆಯ ಸಿಗುವುದು ಕಷ್ಟ.

ಭಾಷೆಯೊಂದೇ ಸಾಲದು, ರೀತಿಯೂ ಗೊತ್ತಿರಬೇಕು. ಬ್ಯೂನಸ್ ಐರಿಸ್‌ನಲ್ಲಿ 'ಮಾತೆ' ಎಂಬ ಎಲೆಯ ಕಷಾಯವನ್ನು ಒಂದೇ ಬುರುಡೆ, ಒಂದೇ ಕೊಳವೆಯಿಂದ ಸರದಿಯಂತೆ ಎಲ್ಲರೂ ಹೀರುತ್ತಾರೆ. ಬುರುಡೆ ವಾಪಸು ಕೊಡುವಾಗ 'ಗ್ರಾಸಿಯಸ್' ಅಂದಿರೋ, 'ನನಗಿನ್ನು ಸಾಕು' ಎಂದೇ ಅರ್ಥ. ಮುಂದಿನ ಸರದಿ ತಪ್ಪಿತು! ಆಪ್ತರಿಗೆ ಮಾತುಮಾತಿಗೂ ಥ್ಯಾಂಕ್ಸ್ ಹೇಳದ ನಮ್ಮವರಿಗೆ ಇದು ಬೇಗ ಹಿಡಿಸೀತು.

ನಾನು ಅಲ್ಲಿಗೆ ಹೋದವನಲ್ಲ, ನಿಜ. ಆದರೆ ಮುಂಬಯಿಯಲ್ಲಿ ಮನೆಯೊಳಗೆ ಕನ್ನಡ, ಗಲ್ಲಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ ಅಂತ ಬೆಳೆದವರು ನಾವು. ಪುಸ್ತಕ ಹಿಡಿದು ಕಲಿತದ್ದಲ್ಲ. ತೊದಲಿ, ನಾಲ್ಕು ಜನರನ್ನು ನಗಿಸಿ ಕಲಿತದ್ದು. ಪರವೂರಲ್ಲಿ ಸ್ನೇಹ ಬೆಳೆಸಲು ಬೇಕಾದದ್ದು ಈ ಧೈರ್ಯವೇ ಅಲ್ಲವೇ? ಹೋಗುವ ದಿನ ಬಂದರೆ, ಕನ್ನಡ ಶಾಲೆಯವರು ಅಂತ ಹಿಂಜರಿಯಬೇಡಿ ಮಿತ್ರರೇ. ನೂರು ಸ್ಪ್ಯಾನಿಷ್ ಮಾತು ಕಲಿತು ಹೊರಡಿ.