ಮನೆ ಬೆಲೆ ಇಳಿಯುವಾಗ ಕೊಳ್ಳಬೇಕೇ, ಕಾಯಬೇಕೇ? ಚೀನದ ಹಳ್ಳಿಗರು ಕಂಡದ್ದು



ಮಗನ ಮದುವೆಗೆ ಮುಂಚೆ ಪೇಟೆಯಲ್ಲೊಂದು ಮನೆ ಆಗಬೇಕು, ಮೊಮ್ಮಕ್ಕಳ ಶಾಲೆಗೆ ಅನುಕೂಲವಾಗಬೇಕು ಎಂಬ ಆಸೆ ನಮ್ಮ ಹಳ್ಳಿಗಳದು ಮಾತ್ರವಲ್ಲ. ಚೀನ ದೇಶದ ರೈತ ಕುಟುಂಬಗಳಲ್ಲಿ ಈ ಆಸೆ ನಮಗಿಂತ ಒಂದು ಕೈ ಹೆಚ್ಚು. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡಬೇಕು. ಅದು ಸಾಲದೆಂಬಂತೆ, ಹತ್ತಿರದ ಪಟ್ಟಣದಲ್ಲಿ ಫ್ಲ್ಯಾಟು ಇದೆಯೇ ಎಂದು ಹೆಣ್ಣಿನವರು ಮೊದಲೇ ಕೇಳುವುದು ಎಷ್ಟೋ ಕಡೆ ವಾಡಿಕೆಯಾಗಿದೆ. ಹೀಗಾಗಿ ದೂರದ ಕಾರ್ಖಾನೆಗಳಲ್ಲಿ ದುಡಿದು ಉಳಿಸಿದ ಹಣವನ್ನೆಲ್ಲ ಹಳ್ಳಿಗರು ನಮ್ಮ ತಾಲ್ಲೂಕು ಕೇಂದ್ರಗಳಂಥ ಊರುಗಳಲ್ಲಿ ಎದ್ದ ಬಹುಮಹಡಿ ಕಟ್ಟಡಗಳಿಗೆ ಸುರಿದರು.

ಆ ಮನೆಗಳ ಬೆಲೆ 2021ರಿಂದ ಇಳಿಯುತ್ತ ಬಂದಿದೆ. 2025ರಲ್ಲೂ ಇಳಿಮುಖವೇ ಇತ್ತು. ಬೆಲೆ ಇಳಿದರೆ ಕೊಳ್ಳುವವನಿಗೆ ಲಾಭ ಎಂಬುದು ಸಂತೆಯ ಲೆಕ್ಕ. ಮನೆಯ ವಿಷಯದಲ್ಲಿ ಆ ಲೆಕ್ಕ ಏಕೆ ನಡೆಯುವುದಿಲ್ಲ ಎಂಬುದನ್ನು ಪೇಟೆಯಲ್ಲಿ ಮನೆಯನ್ನೋ ಸೈಟನ್ನೋ ನೋಡುತ್ತಿರುವ ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು.

ಕಟ್ಟುವ ಮೊದಲೇ ಮಾರಿದ ಮನೆಗಳು

ಚೀನದ ಪಟ್ಟಣಗಳಲ್ಲಿ ಹಿಂದೆ ನೌಕರರಿಗೆ ಅವರು ದುಡಿಯುವ ಕಾರ್ಖಾನೆ ಇಲ್ಲವೆ ಕಚೇರಿಯೇ ಮನೆ ಕೊಡುತ್ತಿತ್ತು. 1998ರಲ್ಲಿ ಸರ್ಕಾರ ಈ ಪದ್ಧತಿ ನಿಲ್ಲಿಸಿತು. ಅಂದಿನಿಂದ ಮನೆ ಮಾರಾಟದ ಸರಕಾಯಿತು. ಅಲ್ಲಿ ಪಟ್ಟಣದ ನೆಲವೆಲ್ಲ ಸರ್ಕಾರದ್ದು. ಮನೆ ಕಟ್ಟಲು 70 ವರ್ಷಗಳ ಹಕ್ಕನ್ನು ಮಾತ್ರ ಮಾರುತ್ತಾರೆ. ಆ ಮಾರಾಟದಿಂದ ಸ್ಥಳೀಯ ಸರ್ಕಾರಗಳಿಗೆ 2021ರ ಒಂದೇ ವರ್ಷದಲ್ಲಿ ಬಂದ ಹಣ ಸುಮಾರು 8.7 ಲಕ್ಷ ಕೋಟಿ ಯುವಾನ್. ಬೆಲೆ ಏರಿದಷ್ಟೂ ಸರ್ಕಾರಕ್ಕೆ ಸಂತೋಷ, ಬಿಲ್ಡರಿಗೆ ಸಂತೋಷ, ಬ್ಯಾಂಕಿಗೆ ಸಂತೋಷ, ಮನೆಯಿದ್ದವನಿಗೂ ಸಂತೋಷ. ಇನ್ನು ಬೇಡವೆನ್ನುವವರು ಯಾರು? ಮನೆ ಇರುವುದು ವಾಸಕ್ಕೆ, ಜೂಜಿಗಲ್ಲ ಎಂದು ಅಲ್ಲಿನ ಮುಖಂಡರು 2016ರಿಂದಲೇ ಹೇಳತೊಡಗಿದ್ದರು. ಜನ ಕೇಳಲಿಲ್ಲ.

ಇದರಲ್ಲಿ ಮುಖ್ಯವಾದ ಸಂಗತಿ ಒಂದುಂಟು. ಆ ಭರಾಟೆಯ ದಿನಗಳಲ್ಲಿ ಮಾರಿದ ಹೊಸ ಮನೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕಟ್ಟಿ ಮುಗಿಯುವ ಮೊದಲೇ ಮಾರಿದವು. ಕೊಳ್ಳುವವನು ತನ್ನ ಪಾಲಿನ ಹಣ ಕಟ್ಟುತ್ತಾನೆ, ಉಳಿದದ್ದನ್ನು ಬ್ಯಾಂಕು ಸಾಲವಾಗಿ ಕೊಡುತ್ತದೆ, ಕಂತು ಅಂದಿನಿಂದಲೇ ಶುರು. ಮನೆ ಇನ್ನೂ ನಕ್ಷೆಯಲ್ಲಿ. ಬಿಲ್ಡರು ಆ ಹಣದಲ್ಲಿ ಆ ಮನೆ ಕಟ್ಟುವ ಬದಲು ಇನ್ನೊಂದು ಊರಿನಲ್ಲಿ ಇನ್ನೊಂದು ಜಾಗ ಹಿಡಿಯುತ್ತಾನೆ. ಅಲ್ಲಿ ಮಾರಿದ ಹಣದಿಂದ ಇಲ್ಲಿನ ಗೋಡೆ ಏಳಬೇಕು. ಬೆಲೆ ಏರುತ್ತಿರುವ ತನಕ ಈ ಚಕ್ರ ತಿರುಗುತ್ತದೆ.

2020ರ ಆಗಸ್ಟಿನಲ್ಲಿ ಸರ್ಕಾರ ಬಿಲ್ಡರುಗಳ ಸಾಲಕ್ಕೆ ಮಿತಿ ಹಾಕಿತು. ಚಕ್ರ ನಿಂತಿತು. ದೇಶದ ಬಲು ದೊಡ್ಡ ಬಿಲ್ಡರ್ ಕಂಪನಿಗಳಲ್ಲೊಂದಾದ ಎವರ್‌ಗ್ರ್ಯಾಂಡ್ 30,000 ಕೋಟಿ ಡಾಲರಿಗೂ ಮೀರಿದ ಹೊರೆ ಹೊತ್ತು 2021ರ ಡಿಸೆಂಬರಿನಲ್ಲಿ ಸಾಲಗಾರರಿಗೆ ಕೈ ಎತ್ತಿತು. 2024ರ ಜನವರಿ 29ರಂದು ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆಜ್ಞೆ ಮಾಡಿತು. ಸಣ್ಣ ಊರುಗಳಲ್ಲೇ ಹೆಚ್ಚು ಕಟ್ಟಿದ್ದ ಕಂಟ್ರಿ ಗಾರ್ಡನ್ ಕಂಪನಿ ಕೂಡ 2023ರಲ್ಲಿ ಅದೇ ದಾರಿ ಹಿಡಿಯಿತು.

ಅರ್ಧಕ್ಕೆ ನಿಂತ ಕಟ್ಟಡಗಳಿಗೆ ಚೀನೀಯರು ಬಾಲ ಕೊಳೆತ ಕಟ್ಟಡ ಎಂದು ಹೆಸರಿಟ್ಟಿದ್ದಾರೆ. ಇಂಥ ಮನೆಗಳಿಗೆ ಕಂತು ಕಟ್ಟುತ್ತ, ಇರುವ ಮನೆಗೆ ಬಾಡಿಗೆಯನ್ನೂ ಕೊಡುತ್ತ ಬೇಸತ್ತ ಜನ 2022ರ ಜುಲೈನಲ್ಲಿ, ಕೆಲಸ ಮುಂದುವರಿಯದಿದ್ದರೆ ಕಂತು ಕಟ್ಟುವುದಿಲ್ಲ ಎಂದು ಸಾರಿದರು. ಪಿಂಗಾಣಿಗೆ ಹೆಸರಾದ ಜಿಂಗ್ದೆಜೆನ್ ಊರಿನಲ್ಲಿ ಆರಂಭವಾದ ಈ ಮಾತು ಕೆಲವೇ ವಾರಗಳಲ್ಲಿ ನೂರಾರು ಕಟ್ಟಡಗಳಿಗೆ ಹರಡಿತು. ನೀರು, ವಿದ್ಯುತ್ತು ಇಲ್ಲದ ಬರಿಯ ಗೋಡೆಗಳ ನಡುವೆ ಬಿಡಾರ ಹೂಡಿದ ಕುಟುಂಬಗಳೂ ಇದ್ದವು.

ಇಲ್ಲಿ ಗಮನಿಸಬೇಕಾದದ್ದು ಇದು. ಬೆಲೆ ಇಳಿದದ್ದರಿಂದ ಇವರಿಗೆ ಆದ ನಷ್ಟ ಒಂದು ಬಗೆಯದು. ಮನೆಯೇ ಕೈಗೆ ಬಾರದೆ ಹೋದದ್ದು ಮತ್ತೊಂದು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿತು. ಬೆಲೆ ಇಳಿಯುವ ಸೂಚನೆ ಕಂಡೊಡನೆ ಹೊಸ ಗಿರಾಕಿ ಕಾಯುತ್ತಾನೆ, ಬಿಲ್ಡರಿಗೆ ಹಣ ಹುಟ್ಟುವುದಿಲ್ಲ, ಹಳೆಯ ಗಿರಾಕಿಯ ಮನೆ ಮುಗಿಯುವುದಿಲ್ಲ. ಆದ್ದರಿಂದ ಮುಗಿಯದ ಮನೆಯನ್ನು ಕೊಳ್ಳುವುದು ಎಲ್ಲಕ್ಕಿಂತ ಅಪಾಯವಾಗುವುದು ಅದು ಅಗ್ಗವಾಗಿ ಸಿಗುವ ಕಾಲದಲ್ಲೇ.

ಇದು ಈರುಳ್ಳಿ ಬೆಲೆಯಂತಲ್ಲ

ಈರುಳ್ಳಿ ಬೆಲೆ ಕುಸಿದರೆ ಮುಂದಿನ ಹಂಗಾಮಿಗೆ ಬಿತ್ತನೆ ಕಡಿಮೆಯಾಗುತ್ತದೆ. ಇದ್ದ ಮಾಲು ತಿಂದು ಮುಗಿಯುತ್ತದೆ, ಉಳಿದದ್ದು ಕೊಳೆಯುತ್ತದೆ. ವರ್ಷ ತಿರುಗುವುದರೊಳಗೆ ಬೆಲೆ ಏಳುವುದನ್ನು ನೀವೇ ಕಂಡಿದ್ದೀರಿ. ಕಟ್ಟಿದ ಮನೆ ಹಾಗೆ ಕರಗುವ ಸರಕಲ್ಲ. ಹೆಚ್ಚಾಗಿ ಕಟ್ಟಿದ್ದು ಐವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಆದಕಾರಣ ಮನೆ ಬೆಲೆಯ ಇಳಿತ ಒಂದು ಹಂಗಾಮಿನದಲ್ಲ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಇಳಿತ 2012ರ ತನಕ ನಡೆದು, ದೇಶದ ಸರಾಸರಿಯಲ್ಲೇ ಬೆಲೆ ಕಾಲು ಭಾಗಕ್ಕೂ ಮಿಗಿಲಾಗಿ ಕುಸಿಯಿತು. ಜಪಾನಿನಲ್ಲಿ 1991ರ ಹೊತ್ತಿಗೆ ತುದಿ ಮುಟ್ಟಿದ ನೆಲದ ಬೆಲೆ ಹತ್ತು ವರ್ಷಕ್ಕೂ ಮೀರಿ ಇಳಿಯುತ್ತಲೇ ಹೋಯಿತು. ಚೀನದಲ್ಲಿ 2024ರ ಮೇ ತಿಂಗಳಲ್ಲಿ ಮೊದಲ ಮನೆಗೆ ಕಟ್ಟಬೇಕಾದ ಸ್ವಂತ ಹಣವನ್ನು ನೂರಕ್ಕೆ 15ಕ್ಕೆ ಇಳಿಸಿದರು. ಮಾರಾಟವಾಗದೆ ಉಳಿದ ಮನೆಗಳನ್ನು ಸರ್ಕಾರಿ ಸಂಸ್ಥೆಗಳು ಕೊಳ್ಳಲೆಂದು 30,000 ಕೋಟಿ ಯುವಾನ್ ಒದಗಿಸಿದರು. ಇಷ್ಟಾದರೂ ಇಳಿತ ನಿಲ್ಲಲಿಲ್ಲ. ಸಾಲ ಸುಲಭವಾದ ಮಾತ್ರಕ್ಕೆ ಬೆಲೆ ತಳ ಮುಟ್ಟಿತೆಂದು ತಿಳಿಯಬಾರದು.

ಅಗ್ಗವೆಂಬುದೇ ಕಾರಣವಾದರೆ ಚೀನದ ಈಶಾನ್ಯ ಮೂಲೆಯ ಹೆಗಾಂಗ್ ಎಂಬ ಕಲ್ಲಿದ್ದಲಿನ ಊರಿನಲ್ಲಿ 2019ರ ಸುಮಾರಿಗೆ ಐವತ್ತು ಸಾವಿರ ಯುವಾನಿಗೆ, ಅಂದರೆ ನಮ್ಮ ಐದಾರು ಲಕ್ಷ ರೂಪಾಯಿಗೆ, ಫ್ಲ್ಯಾಟು ಸಿಗುತ್ತಿತ್ತು. ಗಣಿ ಸೊರಗಿ, ಯುವಕರು ಊರು ಬಿಟ್ಟದ್ದರಿಂದ ಆ ಬೆಲೆ. ಕೆಲಸ ಸಿಗದ ಊರಿನಲ್ಲಿ ಮನೆ ಅಗ್ಗವಾದರೇನು, ತುಟ್ಟಿಯಾದರೇನು.

ಕಂತಿನ ಲೆಕ್ಕ

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. 40 ಲಕ್ಷ ರೂಪಾಯಿಯ ಮನೆ. ನಿಮ್ಮ ಸ್ವಂತದ್ದು 8 ಲಕ್ಷ, ಬ್ಯಾಂಕಿನ ಸಾಲ 32 ಲಕ್ಷ. ಬಡ್ಡಿ ನೂರಕ್ಕೆ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 28,800 ರೂಪಾಯಿ. ಎರಡು ವರ್ಷದಲ್ಲಿ ನೀವು ಕಟ್ಟಿದ್ದು 6 ಲಕ್ಷ 91 ಸಾವಿರ. ಆದರೆ ಅಸಲಿನಲ್ಲಿ ಇಳಿದದ್ದು ಒಂದೂಕಾಲು ಲಕ್ಷ ಮಾತ್ರ, ಮಿಕ್ಕದ್ದೆಲ್ಲ ಬಡ್ಡಿ. ಬಾಕಿ ಇನ್ನೂ 30 ಲಕ್ಷ 75 ಸಾವಿರ. ಈ ಮಧ್ಯೆ ಮನೆಯ ಬೆಲೆ ಕಾಲು ಭಾಗ ಇಳಿದು 30 ಲಕ್ಷಕ್ಕೆ ಬಂದಿದ್ದರೆ, ಮನೆ ಮಾರಿದರೂ ಸಾಲ ತೀರುವುದಿಲ್ಲ. ನಿಮ್ಮ 8 ಲಕ್ಷ ಹೋದದ್ದು ಹೋಯಿತು. ಬೆಲೆ ಇಳಿದದ್ದು ಕಾಲು ಭಾಗ, ನಿಮ್ಮ ಗಂಟು ಕರಗಿದ್ದು ಪೂರ್ತಿ. ಸಾಲದ ಗುಣವೇ ಇದು.

ಅದೇ ಮನೆಗೆ ಬಾಡಿಗೆ ತಿಂಗಳಿಗೆ 10,000 ಎಂದುಕೊಂಡರೆ ವರ್ಷಕ್ಕೆ 1 ಲಕ್ಷ 20 ಸಾವಿರ. ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ 2 ಲಕ್ಷ 85 ಸಾವಿರದ ಮೇಲಾಗುತ್ತದೆ. ಬಾಡಿಗೆಯ ಹಣ ನೀರಿಗೆ ಹೋಮ ಎನ್ನುವವರುಂಟು. ಬೆಲೆ ಏರುವ ಕಾಲದಲ್ಲಿ ಆ ಮಾತಿಗೆ ಅರ್ಥವಿರಬಹುದು. ಬೆಲೆ ಇಳಿಯುವ ಕಾಲದಲ್ಲಿ, ಅವಸರದ ಖರೀದಿಯಿಂದ ತಪ್ಪಿಸಿಕೊಳ್ಳಲು ಕೊಡುವ ಸಣ್ಣ ಬೆಲೆ ಅದು. ನಿಮ್ಮೂರಿನ ಬಾಡಿಗೆ ಎಷ್ಟೆಂದು ಕೇಳಿ, ಈ ಎರಡು ಅಂಕಿಗಳನ್ನು ನೀವೇ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ರೈತನಿಗೆ ಇನ್ನೊಂದು ತೊಡಕು. ಸಂಬಳದವನಿಗೆ ಹಣ ತಿಂಗಳಿಗೊಮ್ಮೆ ಬರುತ್ತದೆ, ಕಂತೂ ತಿಂಗಳಿಗೊಮ್ಮೆ. ನಮ್ಮ ಫಸಲು ವರ್ಷಕ್ಕೆ ಒಂದೋ ಎರಡೋ. ಅದೂ ಮಳೆ ಕೊಟ್ಟರೆ. ಕಂತು ಬಾಕಿಯಾಗಿ 90 ದಿನ ಕಳೆದರೆ ಬ್ಯಾಂಕು ಆ ಸಾಲವನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಸೇರಿಸುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದ ತೀರ್ಪಿಗೆ ಕಾಯದೆ ಮನೆಯ ಸ್ವಾಧೀನಕ್ಕೆ ಇಳಿಯಬಹುದು. ಒಂದು ಮುಂಗಾರು ಕೈಕೊಟ್ಟರೆ ಸಾಕು, ಈ ಐದು ತಿಂಗಳು ಕಳೆದುಹೋಗುತ್ತದೆ.

ಹೊಲದ ಮೇಲೆ ಕೈ ಇಡುವ ಮುನ್ನ

ಅಮೆರಿಕದ ಅಯೋವಾ ಸಂಸ್ಥಾನ ಜೋಳದ ಕಣಜ, ಅಂದರೆ ನಮ್ಮ ಮೆಕ್ಕೆಜೋಳ. ಅಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನಿನ ಬೆಲೆ 1986ರಲ್ಲಿ 787ಕ್ಕೆ ಇಳಿಯಿತು. ಬೆಲೆ ಏರುತ್ತಿದ್ದಾಗ ಎಷ್ಟೋ ರೈತರು ತಲೆಮಾರಿನಿಂದ ಬಂದ ಹೊಲವನ್ನು ಒತ್ತೆಯಿಟ್ಟು ಹೊಸ ಜಮೀನು ಕೊಂಡಿದ್ದರು. ಬಡ್ಡಿ ಏರಿ ಬೆಲೆ ಬಿದ್ದಾಗ ಹೊಸದರ ಜೊತೆ ಹಳೆಯದೂ ಹರಾಜಿಗೆ ಹೋಯಿತು. ಕೊಂಡ ಜಮೀನು ಹೋದದ್ದಕ್ಕಿಂತ ಅಜ್ಜನ ಜಮೀನು ಹೋದದ್ದೇ ಅವರಿಗೆ ಹೆಚ್ಚಿನ ಪೆಟ್ಟು.

ಚೀನದ ಹಳ್ಳಿಗನಿಗೆ ಈ ಭಯ ಅಷ್ಟಿಲ್ಲ. ಅಲ್ಲಿ ಹೊಲ ಊರೊಟ್ಟಿಗೆ ಸೇರಿದ್ದು. ಹಳ್ಳಿಯ ಮನೆ ನಿವೇಶನವನ್ನು ಪೇಟೆಯವರಿಗೆ ಮಾರುವಂತಿಲ್ಲ. ಪೇಟೆಯ ಫ್ಲ್ಯಾಟು ಮುಳುಗಿದರೂ ಹಿಂತಿರುಗಲು ಒಂದು ತುಂಡು ನೆಲ ಉಳಿದಿರುತ್ತದೆ. ನಮ್ಮಲ್ಲಿ ಹಾಗಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾದ ಮೇಲೆ ಬೇಸಾಯಗಾರನಲ್ಲದವನೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಗಿರಾಕಿಗಳು ಹೆಚ್ಚಿದ್ದಾರೆ, ಹೊಲ ಮಾರಿ ಪೇಟೆ ಮನೆ ಮಾಡುವುದು ಸುಲಭವಾಗಿದೆ. ಆದರೆ ದುಡಿದು ಕೊಡುವ ಆಸ್ತಿಯನ್ನು ಬಿಟ್ಟು ದುಡಿದು ಹಾಕಬೇಕಾದ ಆಸ್ತಿಯನ್ನು ತರುತ್ತಿದ್ದೇವೆ ಎಂಬುದು ಲೆಕ್ಕದಲ್ಲಿರಲಿ. ಪೇಟೆ ಮನೆಯ ಸಾಲಕ್ಕೆ ಆ ಮನೆಯೊಂದೇ ಆಧಾರವಾಗಬೇಕು. ಪಹಣಿಯನ್ನೂ ತನ್ನಿ ಎಂದು ಯಾರಾದರೂ ಕೇಳಿದರೆ, ಆ ಸಾಲ ನಿಮ್ಮ ಶಕ್ತಿಗೆ ಮೀರಿದ್ದೆಂದೇ ತಿಳಿಯಿರಿ.

ನಮ್ಮ ಪೇಟೆಗಳಲ್ಲಿ ಇಳಿತ ಕಾಣುವ ಬಗೆ

ಚೀನದಲ್ಲಿ 70 ನಗರಗಳ ಮನೆ ಬೆಲೆಯ ಅಂಕಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಬೆಲೆ ಇಳಿದರೆ ಹೇಳುವವರಿಲ್ಲ. ಮಾರುವವನು ಬಾಯಲ್ಲಿ ಹಳೆಯ ಬೆಲೆಯನ್ನೇ ಹೇಳುತ್ತಾನೆ. ಸೈಟು ಮಾತ್ರ ಎರಡು ಮೂರು ವರ್ಷ ಮಾರಾಟವಾಗದೆ ನಿಲ್ಲುತ್ತದೆ. ಬಡಾವಣೆಯಲ್ಲಿ ಮುಳ್ಳು ಬೆಳೆದಿದೆ, ದೀಪದ ಕಂಬಕ್ಕೆ ದೀಪವಿಲ್ಲ, ದಲ್ಲಾಳಿ ತಾನಾಗಿಯೇ ಫೋನು ಮಾಡುತ್ತಾನೆ ಎಂದರೆ ಬೆಲೆ ಇಳಿದಿದೆ ಎಂದೇ ಅರ್ಥ. ಇಂಥ ಹೊತ್ತಿನಲ್ಲಿ ಮೊದಲು ರಿಯಾಯಿತಿಗೆ ಬರುವುದು ಕಾಗದಪತ್ರ ಸರಿಯಿಲ್ಲದ ಸರಕು: ಭೂಪರಿವರ್ತನೆ ಆಗದ ರೆವಿನ್ಯೂ ಸೈಟು, ಮಂಜೂರಾತಿಯಿಲ್ಲದ ಬಡಾವಣೆ, ವಾರಸುದಾರರ ತಕರಾರಿನ ಮನೆ. ಋಣಭಾರ ಪತ್ರ, ಇ-ಖಾತೆ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ದಾಖಲೆ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಕಟ್ಟಡ ಮುಗಿಯದೆ ಸಿಕ್ಕಿಬೀಳುವುದು ಚೀನಕ್ಕೆ ಮಾತ್ರ ಸೇರಿದ್ದೂ ಅಲ್ಲ. ದೆಹಲಿ ಪಕ್ಕದ ನೋಯ್ಡಾದಲ್ಲಿ ಆಮ್ರಪಾಲಿ ಕಂಪನಿಗೆ ಹಣ ಕಟ್ಟಿದ್ದ 40 ಸಾವಿರಕ್ಕೂ ಹೆಚ್ಚು ಮಂದಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಗಿರಾಕಿಗಳ ಹಣ ಬೇರೆಡೆಗೆ ಹರಿದಿದೆ ಎಂದು ಕಂಡ ನ್ಯಾಯಾಲಯ 2019ರ ಜುಲೈನಲ್ಲಿ ಕಂಪನಿಯ ನೋಂದಣಿ ರದ್ದುಮಾಡಿ, ಉಳಿದ ಕೆಲಸವನ್ನು ಸರ್ಕಾರಿ ಸಂಸ್ಥೆಯೊಂದಕ್ಕೆ ವಹಿಸಿತು. ಇಂಥ ಅನಾಹುತ ತಡೆಯಲೆಂದೇ 2016ರ ರೇರಾ ಕಾಯ್ದೆ ಬಂದದ್ದು. ಗಿರಾಕಿಗಳಿಂದ ಪಡೆದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಆ ಕಟ್ಟಡದ ಹೆಸರಿನ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ನೋಂದಾಯಿತ ಕರಾರಿಲ್ಲದೆ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು. ಬಡಾವಣೆಯ ಸೈಟುಗಳಿಗೂ ಈ ಕಾಯ್ದೆ ಅನ್ವಯ. ಆದರೆ 500 ಚದರ ಮೀಟರಿಗೆ ಮೀರದ ಜಾಗಕ್ಕೂ, ಎಂಟಕ್ಕೆ ಮೀರದ ಫ್ಲ್ಯಾಟುಗಳ ಕಟ್ಟಡಕ್ಕೂ ನೋಂದಣಿ ಕಡ್ಡಾಯವಲ್ಲ. ತಾಲ್ಲೂಕು ಪೇಟೆಗಳಲ್ಲಿ ಇಂಥ ಸಣ್ಣ ಕಟ್ಟಡಗಳೇ ಹೆಚ್ಚು, ಅಲ್ಲಿ ಕಾಯ್ದೆಯ ನೆರಳು ಇಲ್ಲ.

ಹಾಗಾದರೆ ಬೆಲೆ ಇಳಿಯುವಾಗ ಯಾರೂ ಕೊಳ್ಳಬಾರದೇ? ಅದೂ ಸರಿಯಲ್ಲ. ಬಾಗಿಲು ಕಿಟಕಿ ಕೂಡಿಸಿ, ನೀರು ಬಂದು, ಯಾರಾದರೂ ವಾಸವಿದ್ದ ಮನೆಯಾದರೆ. ಮನೆಯವರೇ ಹತ್ತು ಹದಿನೈದು ವರ್ಷ ಅಲ್ಲಿ ಇರುವುದಾದರೆ. ಅರ್ಧಕ್ಕಿಂತ ಹೆಚ್ಚು ಹಣ ಸ್ವಂತದ್ದಾದರೆ, ಮುಂದೆ ಬೆಲೆ ಇನ್ನಷ್ಟು ಇಳಿದರೂ ನಿಮಗೆ ನಿದ್ದೆ ಕೆಡುವುದಿಲ್ಲ. ಮಾರುವ ಯೋಚನೆಯೇ ಇಲ್ಲದವನಿಗೆ ಪೇಟೆ ಧಾರಣೆಯಿಂದ ಆಗಬೇಕಾದ್ದೇನು? ಚೀನದಲ್ಲೂ ಹೀಗೆ ಕೊಂಡವರು ಇಂದು ತಮ್ಮ ಮನೆಯಲ್ಲೇ ಇದ್ದಾರೆ. ಚೌಕಾಸಿಗೂ ಇದೇ ಒಳ್ಳೆಯ ಕಾಲ. ಹೇಳಿದ ಬೆಲೆಯನ್ನು ಬದಿಗಿಟ್ಟು, ಅದೇ ಬೀದಿಯಲ್ಲಿ ಕಳೆದ ವರ್ಷ ನಿಜವಾಗಿ ಕೈಬದಲಾದ ಮನೆಗೆ ಎಷ್ಟು ಬಂತೆಂದು ಕೊಂಡವರನ್ನೇ ಕೇಳಿ. ಅದಕ್ಕಿಂತ ಕೆಳಗಿನಿಂದ ಮಾತು ಆರಂಭಿಸಿ.

ಸಾಲ ಮಾಡಲೇಬೇಕಾದರೆ ಸಹಿ ಹಾಕುವ ಮುಂಚೆ ಒಂದು ವರ್ಷದ ಕಂತನ್ನು ಬೇರೆ ಠೇವಣಿಯಾಗಿ ಇಟ್ಟುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಅದು 3 ಲಕ್ಷ 45 ಸಾವಿರ ಚಿಲ್ಲರೆ. ಅಷ್ಟು ಹಣ ಕೈಯಲ್ಲಿಲ್ಲವೆಂದರೆ ಈ ವರ್ಷಕ್ಕೆ ಬಾಡಿಗೆ ಮನೆಯೇ ಸಾಕು. ಮಗನ ಮದುವೆಯ ಮಾತುಕತೆಯಲ್ಲಿ ಬೀಗರಿಗೂ ಈ ಲೆಕ್ಕದ ಕಾಗದವನ್ನೇ ತೋರಿಸಬಹುದು.